ಇಪ್ಪತ್ತು ಮಹಶೀರ್

ನಡುರಾತ್ರಿ ಕಿಟಕಿಯ ಸರಳಿಗೆ ಯಾರೋ ಟಿಕ್ ಟಿಕ್ ಎಂದು ಬಡಿದರು. ಚಿಕ್ಕತಾಯಿ ಇಣುಕಿದಳು. ಮೀನುಗಾರಿಕೆ ಇಲಾಖೆಯ ಸಾಹೇಬರು! ಮಹಶೀರ್ ಮೀನಿನ ಸಂತತಿ ಉಳಿಸಲೆಂದು ಬೆಸ್ತರು ಹೊಳೆಗೆ ಬಲೆ ಹಾಕುವುದನ್ನೇ ನಿಲ್ಲಿಸಿದವರು. ಅದಕ್ಕೆ ಪರಿಹಾರದ ಚೆಕ್ಕು ಬೆಳಿಗ್ಗೆ ಚಿಕ್ಕತಾಯಿಗೆ ಮಂತ್ರಿಗಳ ಕೈಯಿಂದ ಸಿಗುವುದಿತ್ತು. ಅವಳು ಬಾಗಿಲು ತೆರೆದು ಕೈ ಮುಗಿದಳು.

"ನಾವು ನೀರೇ ಮುಟ್ಟಿಲ್ಲ ಬುದ್ಧಿ."

"ಈಗ ಮುಟ್ಬೇಕು ಕಣಮ್ಮ! ಮಂತ್ರಿಗಳು ಹೊಳೆಗೆ ಬಿಡ್ಲಿ ಅಂತ ಸಾಕಿದ್ದ ಮಹಶೀರ್ ಎಲ್ಲಾ ತೊಟ್ಟೀಲೇ ಸತ್ತೋದ್ವು. ಗಂಡನ್ನ ಎಬ್ಬಿಸು, ಇಪ್ಪತ್ತು ಹಿಡ್ಕೊಡ್ಲಿ. ಇಲ್ದಿದ್ರೆ ಚೆಕ್ಕು ಮರೆತುಬಿಡಿ."

"ಬಲೆ ನೀವೇ ಕಿತ್ಕೊಂಡೋದ್ರಲ್ಲ?"

"ಜೀಪಲ್ಲೈತೆ."

ಬೆಳಗಿನ ಜಾವ ಗಂಡ ಡ್ರಮ್ಮು ತುಂಬಿಸಿ ತಂದ. ಚಿಕ್ಕತಾಯಿ ಬಗ್ಗಿ ನೋಡಿದರೆ, ಇಪ್ಪತ್ತೂ ಸಂತೆಯಲ್ಲಿ ಯಾರೂ ಮೂಸದ ಜಿಲೇಬಿ ಮೀನು. ಸಾಹೇಬರು ಟಾರ್ಚು ಬಿಟ್ಟು, "ಭಲೇ! ಮಹಶೀರ್ ಅಂದ್ರೆ ಇದಪ್ಪಾ!" ಎಂದರು.

ಹತ್ತು ಗಂಟೆಗೆ ಮಂತ್ರಿಗಳು ಜಿಲೇಬಿಗಳಿಗೆ ಹೂವು ಹಾಕಿ ಹೊಳೆಗೆ ಬಿಟ್ಟರು. ಚಪ್ಪಾಳೆಯ ನಡುವೆ ಚೆಕ್ಕು ಚಾಚಿ, "ನೀವು ಬಲೆ ಬಿಟ್ರಿ, ಅದಕ್ಕೇ ಮಹಶೀರ್ ಉಳೀತು ತಾಯಿ," ಎಂದರು.

ಹೊಳೆಯಲ್ಲಿ ಮಹಶೀರ್ ಸಂತತಿಯೇ ಅಳಿದು ಹತ್ತು ವರ್ಷವಾಯಿತೆಂದು ಯಾರಿಗೂ ಹೇಳಬಾರದೆಂದು ನಿರ್ಧರಿಸಿ, ಚಿಕ್ಕತಾಯಿ ಎರಡೂ ಕೈ ಒಡ್ಡಿದಳು.