ಮೈಗೆ ಹತ್ತಿದ್ದು

ಕಣ್ಣಾರೆ ಕಾಣದೆ ಯಾರನ್ನೂ ಕಳ್ಳ ಅನ್ನುವುದಿಲ್ಲ. ಎಂಟನೇ ವಯಸ್ಸಿನಲ್ಲಿ ಅವಳು ಅಮ್ಮನ ತಲೆ ಮುಟ್ಟಿ ಕೊಟ್ಟ ಮಾತು. ಪಕ್ಕದ ಮನೆಯ ಹುಡುಗಿಯೇ ತನ್ನ ಬಣ್ಣದ ಪೆಟ್ಟಿಗೆ ಕದ್ದಳೆಂದು ಬೀದಿಗೆಲ್ಲ ಸಾರಿದ್ದಳು. ಆ ಹುಡುಗಿ ಏಟು ತಿಂದ ಮೇಲೆ ಪೆಟ್ಟಿಗೆ ತನ್ನದೇ ಮಂಚದಡಿ ಸಿಕ್ಕಿತ್ತು.

ಇವತ್ತು, ಪ್ರಯೋಗಾಲಯದ ಪಕ್ಕದ ತನ್ನ ಪುಟ್ಟ ಕೋಣೆಯಲ್ಲಿ ಯಂತ್ರ ಉಗುಳಿದ ಹಾಳೆಗಳನ್ನು ಹಿಡಿದು ನಿಂತ ಸಂಶೋಧಕಿಗೆ ಆ ಮಾತು ಗಂಟಲಿನ ಮುಳ್ಳಾಗಿತ್ತು.

"ಹೋದ ವಾರವೂ ಇದೇ. ಈ ವಾರವೂ ಇದೇ," ಎಂದಳು.

ಎದುರಿಗಿದ್ದ ಟೆಕ್ನಿಷಿಯನ್ ಹಾಳೆ ನೋಡಲಿಲ್ಲ. ಅದರಲ್ಲೇನಿದೆ ಎಂದು ಅವನಿಗೆ ಗೊತ್ತಿತ್ತು.

ಕೆಲಸ ಇಷ್ಟೇ. ಕಿತ್ತಳೆ ಬಣ್ಣದ ಒಂದು ಬೇರು. ನಿಶ್ಶಕ್ತಿಗೆ ಒಳ್ಳೆಯದೆಂದು ಹೆಸರಾದದ್ದು. ಅದರ ಪುಡಿ ತುಂಬಿದ ಗುಳಿಗೆ ನುಂಗಿದರೆ ರಕ್ತಕ್ಕೆ ಎಷ್ಟು ಸೇರುತ್ತದೆ ಎಂದು ಅಳೆಯಬೇಕು. ಜಿಡ್ಡು, ಕರಿಮೆಣಸು ಜೊತೆಗಿದ್ದರೆ ಸೇರುತ್ತದೆ. ಬರಿದೇ ನುಂಗಿದರೆ ಬಂದ ದಾರಿಗೆ ಸುಂಕವಿಲ್ಲ. ಗುಳಿಗೆ ಮನೆಗೊಯ್ದು ನುಂಗಲು ಒಪ್ಪಿದವರೆಲ್ಲ ವಯಸ್ಸಾದವರು. ಹೊರಗಿನವರು ಸಾಲದೆ ಸಿಬ್ಬಂದಿಯ ಮನೆಯ ಹಿರಿಯರನ್ನೂ ಸೇರಿಸಿಕೊಂಡಿದ್ದರು: ನಿರ್ದೇಶಕರ ಮಾವ, ಸಂಶೋಧಕಿಯ ತಾಯಿ, ಕಾವಲುಗಾರನ ಅತ್ತೆ, ಆ ಅತ್ತೆಯ ಕಿವುಡಿ ತಂಗಿ. ಯಾರಿಗೆ ಯಾವ ನಂಬರೆಂದು ನರ್ಸಮ್ಮನಿಗೆ ಮಾತ್ರ ಗೊತ್ತು. ನರ್ಸಮ್ಮನ ಬಾಯಿ ಬಿಡಿಸುವುದಕ್ಕಿಂತ ಕಲ್ಲಿನಿಂದ ನಾರು ತೆಗೆಯುವುದು ಸುಲಭ.

ಪ್ರತಿ ಸಲವೂ ಯಂತ್ರಕ್ಕೆ ಮೊದಲು ಗುಳಿಗೆ ನುಂಗದವರ ರಕ್ತ ತೋರಿಸಬೇಕು. 'ಏನೂ ಇಲ್ಲ' ಅಂದರೆ ಹೇಗಿರುತ್ತದೆಂದು ಅದಕ್ಕೂ ಗೊತ್ತಾಗಬೇಕಲ್ಲ. ಅದನ್ನು ಅಲ್ಲಿ 'ಖಾಲಿ ರಕ್ತ' ಅನ್ನುತ್ತಿದ್ದರು. ಅದು ಯಾವಾಗಲೂ ಸಂಶೋಧಕಿಯದೇ. ವಿಟಮಿನ್ ಮಾತ್ರೆಯನ್ನೂ ಮುಟ್ಟದವಳು. "ಒಲೆ ಮುಂದೆ ಕೂತು ಉಪವಾಸ," ಎಂದು ಸಿಬ್ಬಂದಿ ನಗುತ್ತಿತ್ತು. ಅಮ್ಮ ಮಾತ್ರ ನಗುತ್ತಿರಲಿಲ್ಲ. "ಕನ್ನಡಿ ನೋಡ್ಕೋ, ಒಣಗಿದ ಸೌದೆ ಹಾಗಾಗಿದೀಯ," ಅನ್ನುತ್ತಿದ್ದಳು.

ಮೊದಲೆರಡು ಪರೀಕ್ಷೆ ಸರಿಯಾಗೇ ಬಂದವು. ಆಮೇಲೆ ಖಾಲಿ ರಕ್ತದ ಗೆರೆಯಲ್ಲಿ ಬೇರಿನ ಸಾರ ಬೆಟ್ಟದಂತೆ ಎದ್ದು ನಿಂತಿತು. ಏಳನೇ ನಂಬರಿನ ಗೆರೆಯಲ್ಲಿ ಇರಬೇಕಾದ ಬೆಟ್ಟ ಬಯಲಾಯಿತು.

ಇಲ್ಲಿ ಇರಬಾರದ್ದು ಇದೆ. ಅಲ್ಲಿ ಇರಬೇಕಾದ್ದು ಇಲ್ಲ. ಕೂಸಿಗೂ ಬಿಡಿಸಲು ಬರುವ ಲೆಕ್ಕ: ಎರಡು ರಕ್ತದ ಕೊಳವೆಗಳು ಅದಲುಬದಲಾಗಿವೆ. ಕೊಳವೆ ಮುಟ್ಟುವ ಕೈ ಒಂದೇ, ಟೆಕ್ನಿಷಿಯನ್‌ನದು.

"ಒಂದ್ಸಲ ಆಗಿದ್ರೆ ಕೈತಪ್ಪು ಅನ್ಬಹುದಿತ್ತು. ಎರಡು ಸಲ, ಅದೇ ಎರಡು ಕೊಳವೆ? ಯಾರು ಹೇಳಿ ಮಾಡಿಸ್ತಿದಾರೆ?"

"ಮೇಡಂ, ಒಂಬತ್ತು ವರ್ಷದಿಂದ ನಿಮ್ಮ ತೋಳಿಗೆ ಸೂಜಿ ಚುಚ್ತಿದೀನಿ. ಒಂದಿನ ಅಯ್ಯೋ ಅಂದಿದೀರಾ?"

"ಮಾತು ತೇಲಿಸ್ಬೇಡಿ."

"ತೇಲಿಸ್ತಿಲ್ಲ. ನಾಳೆ ನರ್ಸಮ್ಮ ರಕ್ತ ತೆಗೀಲಿ, ನೀವೇ ಯಂತ್ರಕ್ಕೆ ಹಾಕಿ. ನಾನು ಗೇಟಿನ ಆಚೆ ನಿಂತಿರ್ತೀನಿ. ಒಂದೇ ಒಂದು ದಿನ..."

ಮಾತು ಮುಗಿಯುವ ಮೊದಲೇ ಅವನಿಗೆ ಸೀನು ಬಂತು. ಮತ್ತೊಂದು. ಮೇಜಿನ ಮೇಲಿದ್ದ ಅವಳ ಊಟದ ಡಬ್ಬಿಯ ಮುಚ್ಚಳ ಸರಿದಿತ್ತು. 'ನಿಮ್ಮ ಡಬ್ಬಿ ತೆರೆದ್ರೆ ಗೋಡೆಗೂ ಸೀನು ಬರುತ್ತೆ' ಎಂದು ಹೋದ ವಾರವಷ್ಟೇ ಅವನು ಹಾಸ್ಯ ಮಾಡಿದ್ದ. ಇವತ್ತು ಇಬ್ಬರೂ ನಗಲಿಲ್ಲ.

ಒಂದು ದಿನ. ಕೊಡಬಹುದಿತ್ತು. ಕೊಡುವ ಮನಸ್ಸೂ ಇತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು.

"ಏನಮ್ಮಾ, ಗೊತ್ತಾಯ್ತಾ?" ನಿರ್ದೇಶಕರು ಒಳಗೆ ಕಾಲಿಡಲಿಲ್ಲ. "ದುಡ್ಡು ಹಾಕಿದೋರು ಕೆಳಗೆ ಕೂತಿದಾರೆ. ತಪ್ಪು ಯಾರದು ಅಂತ ತೋರಿಸಿದ್ರೆ ಕೆಲಸ ಮುಂದುವರಿಯುತ್ತೆ. ಇಲ್ಲಾಂದ್ರೆ ಇವತ್ತೇ ಬೀಗ."

ಈ ಬೇರಿನ ಮೇಲೆ ನಾಲ್ಕು ವರ್ಷದ ದುಡಿಮೆ. ಗೋಡೆಯಾಚೆ ಯಂತ್ರ ಗುಂಯ್‌ಗುಡುತ್ತಿತ್ತು. ಟೆಕ್ನಿಷಿಯನ್ ಅವಳನ್ನೇ ನೋಡುತ್ತಿದ್ದ, ರೆಪ್ಪೆ ಹೊಡೆಯದೆ.

ಅವಳು ಕಿಟಕಿಯ ಕಡೆ ತಿರುಗಿದಳು.

"ಇವರೇ," ಎಂದಳು.

ಅವನು ಜಗಳಕ್ಕೆ ನಿಲ್ಲಲಿಲ್ಲ. ಬಿಳಿ ಕೋಟು ಕಳಚಿ ಮೊಳೆಗೆ ನೇತುಹಾಕಿದ. ಜೇಬಿನಿಂದ ಪೆನ್ನು ತೆಗೆದುಕೊಂಡ. ಹೊಸ್ತಿಲಲ್ಲಿ ನಿಂತು, "ತೋಳಿನ ಹತ್ತಿ ತೆಗೀರಿ ಮೇಡಂ. ಬೆಳಿಗ್ಗೆ ಹಚ್ಚಿದ್ದು, ಅಂಟು ಚರ್ಮಕ್ಕೆ ಹಿಡಿಯುತ್ತೆ," ಎಂದ. ಮೆಟ್ಟಿಲಿಳಿಯುವ ಹೆಜ್ಜೆ ಸದ್ದು ನಿಧಾನವಾಗಿ ಕೆಳಗಿಳಿಯಿತು. ನಿರ್ದೇಶಕರೂ ನಿಟ್ಟುಸಿರು ಬಿಟ್ಟು ಹೊರಟರು.

ಅವಳು ಮೇಜಿನ ಮುಂದೆ ಕೂತಳು. ಹಸಿವಿರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು, ಡಬ್ಬಿ ಎಳೆದುಕೊಂಡಳು. ಬೇಯಿಸಿ ಮಸೆದ ಸಿಹಿಗುಂಬಳ, ಕಡು ಕಿತ್ತಳೆ ಬಣ್ಣ. ಮೇಲೆ ಕರಗಿದ ಬೆಣ್ಣೆ, ಮುಷ್ಟಿಗಟ್ಟಲೆ ಕರಿಮೆಣಸಿನ ಪುಡಿ. ಎರಡು ವಾರದಿಂದ ದಿನಾ ಇದೇ.

ಫೋನು ಹೊಡೆದುಕೊಂಡಿತು.

"ಊಟ ಆಯ್ತೇನೇ?" ಅಮ್ಮ.

"ಈಗ ಕೂತೆ."

"ಒಂದು ಅಗುಳೂ ಬಿಡ್ಬೇಡ. ಖಾರ ಅಂತ ಮೆಣಸು ಪಕ್ಕಕ್ಕೆ ಸರಿಸ್ಬೇಡ, ಬೆಣ್ಣೇನೂ ಅಷ್ಟೇ. ಅವೆರಡೂ ಇಲ್ದಿದ್ರೆ ಮೈಗೆ ಹತ್ತಲ್ಲ ಅಂತ ನೀನೇ ಹೇಳಿದ್ಯಲ್ಲ."

ಚಮಚ ಅರ್ಧ ದಾರಿಯಲ್ಲಿ ನಿಂತಿತು.

"ಏನು ಮೈಗೆ ಹತ್ತಲ್ಲ, ಅಮ್ಮಾ?"

ಅವಳು ಚಮಚವನ್ನು ಡಬ್ಬಿಯೊಳಗೆ ಇಟ್ಟಳು.

"ಅಮ್ಮಾ, ನಿನ್ನ ನಂಬರು ಎಷ್ಟು?"

"ಯಾರಿಗೂ ಹೇಳ್ಬೇಡಿ ಅಂದಿದಾಳೆ ನರ್ಸಮ್ಮ."

"ಏಳಾ?"

"ಬೈಬೇಡ ಕಣೇ," ಅಮ್ಮನ ದನಿ ಇಳಿಯಿತು. "ಉದುರೋ ಎಲೆಗೆ ಯಾಕೆ ಗೊಬ್ಬರ? ದುಡಿದು ದುಡಿದು ಸವೀತಿರೋಳು ನೀನು. ಕೈಗೆ ಕೊಟ್ರೆ ನುಂಗ್ತಿದ್ಯಾ? ಅದಕ್ಕೇ ಬಿಚ್ಚಿ, ಪುಡೀನ ಕುಂಬಳದಲ್ಲಿ..."

ಕೆಳಗೆ ಗೇಟು ಮುಚ್ಚಿದ ಸದ್ದು.

ಬದಲಾಗಿದ್ದು ಕೊಳವೆಯಲ್ಲ, ಬಾಯಿ. ಅಮ್ಮನ ತಲೆ ಮುಟ್ಟಿ ಕೊಟ್ಟ ಮಾತನ್ನು ಮಗಳು ಮುರಿದಿದ್ದಳು.