ಸಿಂಗಾಪುರದ ನಾತ

ಹೆಂಡತಿ ಕಮಲಾಕ್ಷಿ ಸುಟ್ಟ ಒಣಮೀನಿನ ತಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ತಂದು ಎಲೆಯ ಪಕ್ಕದಲ್ಲಿಟ್ಟದ್ದೇ ತಡ, ಅನಂತ ಉಪಾಧ್ಯರು ಮುಖ ಅತ್ತ ತಿರುಗಿಸಿದರು. ಚಾಳಿನ ನೆರೆಯವಳಾದ ಸೇವಂತಿಯನ್ನು ಕೇಳಿ ತಂದದ್ದು ಅದು.

“ಸಿಂಗಾಪುರದ ಬೀದಿ ತುಂಬ ಇದೇ ನಾತ ಅಂತೆ. ಹಡಗು ಹತ್ತೋ ಮೊದ್ಲೇ ರೂಢಿ ಆಗ್ಲಿ,” ಎಂದಳು ಕಮಲಾಕ್ಷಿ, ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ. ಅಲ್ಲಿನ ಸಸ್ಯಾಹಾರಿ ಹೋಟೆಲಿನವರು ಉಪಾಧ್ಯರನ್ನು ಕರೆಸಿಕೊಳ್ಳುತ್ತಿದ್ದುದೇ ಉಡುಪಿಯ ಮಡಿವಂತ ಅಡುಗೆಭಟ್ಟರೆಂದು.

ನಿನ್ನೆಯವರೆಗೂ ಮೊದಲ ತುತ್ತಿಗೇ ಮೋರಿಗೆ ಓಡುತ್ತಿದ್ದ ಉಪಾಧ್ಯರು ಇವತ್ತು ಉಸಿರು ಬಿಗಿಹಿಡಿದು ಮೊಸರನ್ನ ನುಂಗಿದರು. ಆಮೇಲೆ ಉಸಿರು ಬಿಗಿಹಿಡಿಯುವುದೂ ಮರೆತುಹೋಯಿತು. ಎಲೆ ಖಾಲಿಯಾಯಿತು.

“ನೋಡಿ, ರೂಢಿ ಆಯ್ತಲ್ಲ. ಇನ್ನೂ ಸ್ವಲ್ಪ ಬಡಿಸ್ಲಾ?”

ಬೇಡವೆನ್ನಲು ಹೊರಟರೆ ಬಾಯಿ ತುಂಬ ನೀರೂರಿತ್ತು. ಕಣ್ಣು ಮೀನಿನ ತಟ್ಟೆಯ ಮೇಲಿತ್ತು. ಉಪಾಧ್ಯರು ಎದ್ದು ಮೋರಿಗೆ ಓಡಿದರು. ವಾಂತಿ ಬರಲಿಲ್ಲ. ಗಂಟಲಿಗೆ ಬೆರಳು ಹಾಕಿ ಬರಿಸಿಕೊಂಡರು.