ತೊಳೆದ ಪ್ರಸಾದ

"ಅಯ್ಯೋ ಅಯ್ಯೋ, ಪ್ರಸಾದನ ಯಾರಾದ್ರೂ ತೊಳೆದಾರಾ!"

ರಾಚಮ್ಮ ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟಳು. ಗೋಪಾಲಸ್ವಾಮಿ ಬೆಟ್ಟದಿಂದ ಇಳಿದು, ಶನಿವಾರದ ನೂಕುನುಗ್ಗಲಿನ ಬಸ್ಸಿನಲ್ಲಿ ನಿಂತುಕೊಂಡೇ ಊರಿಗೆ ಬಂದಿದ್ದಳು. ಸೆರಗಿನಲ್ಲಿ ಕಟ್ಟಿ ತಂದ ಐದು ಸೀಬೆಹಣ್ಣನ್ನು ಸೊಸೆಯ ಕೈಗಿಟ್ಟು, ಕೈಕಾಲು ತೊಳೆದು ಬರುವಷ್ಟರಲ್ಲಿ ಆ ಮಹರಾಯ್ತಿ ಅವನ್ನು ಬೋಗುಣಿಗೆ ಹಾಕಿ ಕೂತಿದ್ದಾಳೆ. ಬೋಗುಣಿಯಲ್ಲಿ ಒಂದು ಹಿಡಿ ಕಲ್ಲುಪ್ಪು, ಮೇಲಿಷ್ಟು ಅರಿಶಿನ ಕದಡಿದ ನೀರು.

ಮದುವೆಯಾಗಿ ಏಳು ವರ್ಷಕ್ಕೆ ಶಿವರಂಜಿನಿ ಬಸುರಿಯಾಗಿದ್ದಳು. ಅದಕ್ಕೆ ಅತ್ತೆ ಹೊತ್ತ ಹರಕೆ ಒಂದೆರಡಲ್ಲ. ಹೆರಿಗೆಯಾಗುವ ತನಕ ಪ್ರತಿ ಶನಿವಾರ ಬೆಟ್ಟ ಹತ್ತುತ್ತೇನೆ, ನಿನ್ನ ಪ್ರಸಾದವೇ ನನ್ನ ಮೊಮ್ಮಗುವಿಗೆ ಕಾವಲು ಎಂದು ರಾಚಮ್ಮ ಸ್ವಾಮಿಗೆ ಮಾತು ಕೊಟ್ಟಿದ್ದಳು. ಈಗ ಈ ಹುಡುಗಿ ಆ ಕಾವಲನ್ನೇ ಉಪ್ಪುನೀರಲ್ಲಿ ತೊಳೆದುಬಿಟ್ಟರೆ ಗತಿ ಏನು?

"ಬೈಬೇಡಿ ಅತ್ತೆ," ಎಂದಳು ಶಿವರಂಜಿನಿ, ಕೈ ನೀರಿನಿಂದ ತೆಗೆಯದೆ. "ಚೆಕಪ್ಪಿಗೆ ಹೋದಾಗ ನರ್ಸಮ್ಮ ಹೇಳವ್ರೆ. ಹಣ್ಣು, ತರಕಾರಿ ಏನೇ ಆಗ್ಲಿ, ಔಷ್ದಿ ಹೊಡೆದಿರ್ತಾರೆ, ಉಪ್ಪು ಅರಿಶ್ನದ ನೀರಲ್ಲಿ ಕಾಲು ಗಂಟೆ ನೆನೆಹಾಕಿ, ಉಜ್ಜಿ, ಒಳ್ಳೆ ನೀರಲ್ಲಿ ತೊಳಿ ಅಂತ. ಪೂರ್ತಿ ಹೋಗ್ದಿದ್ರೂ ಮೇಲಿಂದಾದ್ರೂ ಹೋಯ್ತದಂತೆ."

"ಅದು ಸಂತೆ ಸೀಬೆಗೆ ಕಣಮ್ಮಿ! ಇದು ಸ್ವಾಮಿ ಪಾದ ಮುಟ್ಟಿ ಬಂದಿರದು. ಪೂತನಿ ಎದೆಹಾಲಲ್ಲಿ ವಿಷ ಕೊಟ್ರೂ ಅರಗಿಸ್ಕಂಡವ್ನು ಅವ್ನು. ಅವ್ನ ಮುಂದ್ಲ ಸೀಬೇಲಿ ವಿಷ ಉಳಿದದಾ?"

"ಅವ್ನು ಅರಗಿಸ್ಕಂಡ ಅತ್ತೆ. ನನ್ ಹೊಟ್ಟೇಲಿರದು ಮನುಷ್ರ ಕೂಸು."

ರಾಚಮ್ಮನ ಸಿಟ್ಟು ಎರಡರಷ್ಟಾಯಿತು. ಹಣ್ಣುಗಳನ್ನು ಒಂದೊಂದಾಗಿ ಎತ್ತಿ ತಟ್ಟೆಗಿಟ್ಟಳು, ಒಂದೊಂದಕ್ಕೂ "ತಪ್ಪಾಯ್ತು ಸ್ವಾಮಿ" ಎಂದಳು. ಪ್ರಸಾದ ತೊಳೆದ ನೀರನ್ನು ಬಚ್ಚಲಿಗೆ ಚೆಲ್ಲುವುದುಂಟೇ? ಬೋಗುಣಿ ಎತ್ತಿಕೊಂಡು ಸರಸರ ಅಂಗಳಕ್ಕೆ ನಡೆದು ತುಳಸಿಕಟ್ಟೆಯ ಮುಂದೆ ಬಗ್ಗಿದಳು.

ಜಗುಲಿಯಲ್ಲಿ ಅವಳ ಗಂಡ ಚಿಕ್ಕಬೀರಯ್ಯ, ಒಳಗಿನ ಜಗಳ ಬೇರೆ ಯಾವುದೋ ಊರಲ್ಲಿ ನಡೆಯುತ್ತಿದೆ ಎನ್ನುವಂತೆ ಬೀಡಿ ಎಳೆಯುತ್ತ ಕೂತಿದ್ದ. ಅವನು ದಡಕ್ಕನೆ ಎದ್ದ.

"ಅಮ್ಮೀ, ತುಳಸಿಗೆ ಉಯ್ಬೇಡ!"

"ಯಾಕೆ, ಉಪ್ಪು ಅದೆ ಅಂತಾನಾ?"

"ಬರೀ ಉಪ್ಪಾಗಿದ್ರೆ..." ಅವನು ಬೀಡಿಯನ್ನು ಕಾಲಲ್ಲಿ ಹೊಸಕಿದ. "ಬೆಟ್ಟಕ್ಕೆ ಅಂತ ನಾ ತಂದ್ಕೊಟ್ಟ ಸೀಬೆ ನಾ ಕೂಲಿ ಮಾಡೋ ತೋಟದ್ದು. ಬುಧ್ವಾರ ನಾನೇ ಕ್ಯಾನು ಬೆನ್ಗಾಕಂಡು ಔಷ್ದಿ ಒಡೆದೆ."

"ಗೊತ್ತಿದ್ದೂ ತಂದ್ರಾ?"

"ಮನೆಗಾಗಿದ್ರೆ ತರ್ತಿರ್ನಿಲ್ಲ ಕಣಮ್ಮಿ," ಎಂದ ಚಿಕ್ಕಬೀರಯ್ಯ. ದನಿ ತಗ್ಗಿತ್ತು. "ದೇವ್ರಿಗೆ ತಾನೆ ಅಂತ ತಂದ್ಬುಟ್ಟೆ."

ಗಂಡನನ್ನು ಹಿಗ್ಗಾಮುಗ್ಗಾ ಬೈಯಬೇಕೆಂದು ರಾಚಮ್ಮ ಬಾಯಿ ತೆರೆದಳು. ಆದರೆ ಬೆಳಿಗ್ಗೆ ತಾನೇ ಆ ಹಣ್ಣಿಗೆ ಎರಡು ಹನಿ ನೀರು ಚಿಮುಕಿಸಿ ತಟ್ಟೆಗಿಟ್ಟದ್ದು ನೆನಪಾಯಿತು. ಮನೆಯ ಸೊಪ್ಪನ್ನು ಮೂರು ನೀರಲ್ಲಿ ಜಾಲಾಡುವ ಕೈ, ದೇವರ ಹಣ್ಣಿಗೆ ಎರಡು ಹನಿಯಲ್ಲಿ ಮುಗಿಸಿತ್ತಲ್ಲ! ಅವಳಿಗೆ ನಾಚಿಕೆಯಾಯಿತು. ಬೋಗುಣಿಯನ್ನು ಹೊತ್ತು ಹೋಗಿ, ಹಸು ಕರು ಸುಳಿಯದ ಬೇಲಿ ಮೂಲೆಯಲ್ಲಿ ನೀರು ಸುರಿದು ಬಂದಳು.

ಪ್ರಸಾದವನ್ನು ಬಿಸಾಡುವ ಹಾಗಿಲ್ಲ. ಹೊಸದಾಗಿ ಉಪ್ಪು, ಅರಿಶಿನ ಹಾಕಿ ಈ ಸಲ ತಾನೇ ಕಾಲು ಗಂಟೆ ಕಾದಳು, ಉಜ್ಜಿದಳು, ಎರಡು ನೀರಲ್ಲಿ ತೊಳೆದಳು. ಹೆಚ್ಚಿದ ಹೋಳುಗಳಲ್ಲಿ ಮುಕ್ಕಾಲು ಪಾಲು ಗಂಡನ ಮುಂದಿಟ್ಟು, ಉಳಿದದ್ದನ್ನು ಕಣ್ಣಿಗೊತ್ತಿಕೊಂಡು ತಾನು ತಿಂದಳು. ಸೊಸೆಯ ಕೈಗೆ ಮಾತ್ರ ಬೆಟ್ಟದಲ್ಲಿ ಒಡೆಸಿದ ತೆಂಗಿನಕಾಯಿ ಹೋಳು ಕೊಟ್ಟಳು.

"ನಿಂಗೆ ಇದು. ಇದ್ಕೆ ಸ್ವಾಮಿನೇ ಚಿಪ್ಪು ಆಕಿ ಕಳ್ಸವ್ನೆ."

"ಉಪ್ಪುಪ್ಪಾಗ್ ಅದೆ," ಎಂದ ಚಿಕ್ಕಬೀರಯ್ಯ ಸೀಬೆ ಅಗಿಯುತ್ತ.

"ತಿನ್ನಿ ತಿನ್ನಿ. ಮಾಡಿದ್ದುಣ್ಣೋ ಮಹರಾಯ."

ಶಿವರಂಜಿನಿ ಕಾಯಿ ಹೋಳು ಕಚ್ಚಿಕೊಂಡು ಕಿಸಕ್ಕನೆ ನಕ್ಕಳು. ಏಳು ವರ್ಷದಲ್ಲಿ ಅತ್ತೆಯ ಮುಂದೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು.

ಮುಂದಿನ ಶನಿವಾರ ಅವಳು ಏಳುವ ಹೊತ್ತಿಗೆ ಅಡುಗೆಮನೆಯಲ್ಲಿ ಬೋಗುಣಿಯ ಸದ್ದು. ರಾಚಮ್ಮ ಮಿಂದು, ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು ಬೆಟ್ಟಕ್ಕೆ ಹೊರಟು ನಿಂತಿದ್ದಾಳೆ. ಗುಂಡ್ಲುಪೇಟೆಯಿಂದ ತರಿಸಿದ ಹಣ್ಣುಗಳು ಅರಿಶಿನದ ನೀರಿನಲ್ಲಿವೆ. ಬಾಳೆಹಣ್ಣನ್ನೂ ಬಿಟ್ಟಿಲ್ಲ. ಒಂದೊಂದನ್ನೂ ಎತ್ತಿ, ಹಸುಗೂಸಿನ ಮುಖ ತೊಳೆಯುವಂತೆ ಬೆರಳಲ್ಲಿ ಮೆಲ್ಲಗೆ ಉಜ್ಜುತ್ತಿದ್ದಾಳೆ.

"ಇವು ಇನ್ನೂ ದೇವ್ರಿಗೆ ಹೋಗೋವಲ್ವಾ ಅತ್ತೆ?"

"ಊಂ ಮತ್ತೆ," ಎಂದಳು ರಾಚಮ್ಮ, ತಲೆ ಎತ್ತದೆ. "ಅವ್ನಿಗೆ ಒಬ್ಳು ಪೂತನಿ ಸಾಕು ಕಣಮ್ಮಿ."